ತೊಗರಿ ಬೇಳೆ ‘ತಗರ ಬಳ’ ಆದ ಕಥೆ

ಮೊನ್ನೆ ಒಂದು ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಹಾಕಿಕೊಂಡೆ. ಹೆಸರು ಬೇಡ ಬಿಡಿ. ಮೆನು ಎಲ್ಲಾ ಚೆಂದದ ಕನ್ನಡದಲ್ಲಿತ್ತು, ‘ಉಳಿಸು’, ‘ಮುದ್ರಿಸು’ ಅಂತ. ಖುಷಿಯಾಗಿ ಹೆಸರು ಬರೆಯುವ ಜಾಗದಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತೂ ಇಲ್ಲ, ಗುಣಿತವೂ ಇಲ್ಲ, ಬರೀ ಬೋಳು ಅಕ್ಷರಗಳು. ತಪ್ಪು ಎಲ್ಲಿದೆ ಅಂತ ನೋಡಿದ ತಕ್ಷಣ ಗೊತ್ತಾಯಿತು, ಯಾಕಂದ್ರೆ ಇದೇ ತಪ್ಪು ಮಾಡಿ ನಾನೂ ಬೈಸಿಕೊಂಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಸೋದರಮಾವನ ದಿನಸಿ ಅಂಗಡಿಗೆ ಒಂದು ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಸ್ ಪ್ರೋಗ್ರಾಂ ಬರೆಯುವ ವಿನ್‌ಫಾರ್ಮ್ಸ್ ಬಳಸಿ. ಅದರಲ್ಲಿ ಒಂದು ಕೀ ಒತ್ತಿದರೆ ಎರಡು ಸುದ್ದಿ ಬರುತ್ತವೆ. ಕೀಡೌನ್ ಅನ್ನೋದು ಯಾವ ಕೀ ಒತ್ತಿದರು ಅಂತ ಆ ಕೀಯ ನಂಬರ್ ಕೊಟ್ಟು ಹೇಳುತ್ತೆ, ಕೀಪ್ರೆಸ್ ಅನ್ನೋದು ಯಾವ ಅಕ್ಷರ ಬಂತು ಅಂತ ಹೇಳುತ್ತೆ. ನಾನು ಬುದ್ಧಿವಂತ ಅಲ್ವಾ, ಕೀಡೌನ್ ಕೊಡುವ ನಂಬರನ್ನೇ ನೇರವಾಗಿ ಅಕ್ಷರ ಮಾಡಿಬಿಟ್ಟೆ. ಇಂಗ್ಲಿಷಿನ ‘ಎ’ ಕೀಗೆ 65, ದೊಡ್ಡ ‘ಎ’ ಅಕ್ಷರಕ್ಕೂ 65, ಹಾಗಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಸರಿಯಾಗಿಯೇ ಕಾಣಿಸಿತು.

ನನ್ನ ಲ್ಯಾಪ್‌ಟಾಪಿಗೆ ಬಲಗಡೆಯ ನಂಬರ್ ಪ್ಯಾಡ್ ಇರಲಿಲ್ಲ. ಮಾವನ ಕೀಬೋರ್ಡಿಗೆ ಇತ್ತು, ಅವರ ಬೆರಳು ಹೋಗೋದೇ ಅಲ್ಲಿಗೆ. ಆ ಪ್ಯಾಡಿನ 1ರ ಕೀ ನಂಬರ್ 97, ಅದು ಅಕ್ಷರವಾದರೆ ಸಣ್ಣ ‘ಎ’. ಅವರು 125 ಒತ್ತಿದರೆ ಪರದೆ ಮೇಲೆ ಇಂಗ್ಲಿಷಿನಲ್ಲಿ ಎ, ಬಿ, ಇ. ಚುಕ್ಕಿಯ ಕಥೆ ಇನ್ನೂ ಚೆನ್ನಾಗಿದೆ. ಸಾದಾ ಚುಕ್ಕಿ ಕೀಯ ನಂಬರ್ 190, ಆ ನಂಬರಿನ ಅಕ್ಷರ ಮುಕ್ಕಾಲು ಚಿಹ್ನೆ. ಮೇಲಿನ ಸಾಲಿನ ಅಂಕಿಗಳಲ್ಲಿ ‘12.5’ ಅಂತ ಹಾಕಿದರೆ ‘12¾5’ ಬರುತ್ತಿತ್ತು. “ಹನ್ನೆರಡೂವರೆ ಅಂದ್ರೆ ಹನ್ನೆರಡೂ ಮುಕ್ಕಾಲು ಮಾಡ್ತಿದೆಯಲ್ಲೋ, ನನಗಿಂತ ದೊಡ್ಡ ವ್ಯಾಪಾರಿ ಕಣೋ ಇದು” ಅಂದರು ಮಾವ.

ಅದನ್ನು ಬದಲಾಯಿಸಿ ಕೀಪ್ರೆಸ್‌ಗೆ ಬಂದೆ. ಆಮೇಲೆ ಮಾವ ಸಾಮಾನಿನ ಹೆಸರು ಕನ್ನಡದಲ್ಲೇ ಬರಲಿ ಅಂದರು. ಬರಲಿ, ಅದಕ್ಕೇನು! ಆದರೆ ಹೆಸರಿನ ಜಾಗದಲ್ಲಿ ಯಾರೂ ಏನೇನೋ ಕುಟ್ಟಬಾರದು ಅಂತ ಅಕ್ಷರ ಮತ್ತು ಸ್ಪೇಸ್ ಮಾತ್ರ ಒಳಗೆ ಬಿಡುವ ಒಂದು ತಪಾಸಣೆ ಮೊದಲೇ ಇಟ್ಟಿದ್ದೆ. ಬಂದದ್ದು ಅಕ್ಷರವೋ ಅಲ್ಲವೋ ಅಂತ ಹೇಳುವ ಫಂಕ್ಷನ್ ಸಿ ಶಾರ್ಪ್ ಜೊತೆಗೆ ಬರುವ ಡಾಟ್‌ನೆಟ್‌ನಲ್ಲೇ ಇದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ‘ಕ’ ಅಕ್ಷರ, ಆದರೆ ಗುಣಿತದ ಚಿಹ್ನೆಗಳು ಮತ್ತು ಒತ್ತು ಕೂಡಿಸುವ ಹಲಂತ ಅಕ್ಷರಗಳಲ್ಲ, ಅವು ಗುರುತುಗಳು, ಅವುಗಳ ಗುಂಪೇ ಬೇರೆ. ನನ್ನ ತಪಾಸಣೆ ಅವನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿತು. ಸಕ್ಕರೆ ‘ಸಕಕರ’ ಆಯಿತು. ತೊಗರಿ ಬೇಳೆ ‘ತಗರ ಬಳ’ ಆಯಿತು. ಮಾವ ಫೋನ್ ಮಾಡಿ, “ನಾನು ಯಾವಾಗಿಂದ ಟಗರು ಮಾರೋಕೆ ಶುರು ಮಾಡಿದೆನೋ?” ಅಂತ ಕೇಳಿದರು.

ಮೊನ್ನೆಯ ಸಾಫ್ಟ್‌ವೇರಿನಲ್ಲೂ ಇದೇ ಆಗಿರಬೇಕು ಅಂತ ನನಗೆ ಖಾತ್ರಿ.

ಕೀಯೇ ಅಕ್ಷರ ಅಂದುಕೊಳ್ಳುವುದರಿಂದ ಶುರುವಾಗುವ ತೊಂದರೆ ಇದು. ಇಂಗ್ಲಿಷಿನಲ್ಲಿ ಅದು ಹೇಗೋ ನಡೆದುಹೋಗುತ್ತೆ. ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ, ಅಂದರೆ ನುಡಿ ಸಾಫ್ಟ್‌ವೇರಿನಲ್ಲಿ ನಾವೆಲ್ಲ ಕುಟ್ಟುವ ವಿನ್ಯಾಸದಲ್ಲಿ, ‘ಅಕ್ಕ’ ಬರೆಯಲು ನಾಲ್ಕು ಕೀ ಬೇಕು: ಎ, ಕೆ, ಎಫ್, ಕೆ. ಕಾಣಿಸುವುದು ಎರಡೇ ಅಕ್ಷರ. ಅದರಲ್ಲಿ ಎಫ್ ಒತ್ತು ಕೂಡಿಸುತ್ತೆ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಬೋರ್ಡ್ ವಿನ್ಯಾಸದಲ್ಲಿ ಆ ಕೆಲಸ ಡಿ ಕೀಯದ್ದು, ಅದೇ ಡಿ ನುಡಿಯಲ್ಲಿ ‘ದ’. ಇದನ್ನೆಲ್ಲ ನನ್ನ ಬಿಲ್ಲಿಂಗ್ ಪ್ರೋಗ್ರಾಂ ಯಾಕೆ ತಿಳಿದುಕೊಳ್ಳಬೇಕು? ಕೀಯಿಂದ ಅಕ್ಷರ ಮಾಡುವ ಕೆಲಸ ಆಪರೇಟಿಂಗ್ ಸಿಸ್ಟಂ ಮಾಡುತ್ತೆ. ಅದು ಕೊಟ್ಟ ಪಠ್ಯವನ್ನು ಸುಮ್ನೆ ತೆಗೆದುಕೊಂಡು ಇಟ್ಟುಕೊಳ್ಳಬೇಕು. ಸ್ವಂತ ಟೆಕ್ಸ್ಟ್ ಬಾಕ್ಸ್ ಬರೆಯುವ ಶೋಕಿ ಇದ್ದರೆ ಅದು ಬೇರೆ ಮಾತು, ಆಗ ಇಡೀ ತಲೆನೋವು ನಿಮ್ಮದೇ.

ಶಾರ್ಟ್‌ಕಟ್ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು. ಅಲ್ಲಿ ಅಕ್ಷರ ನೋಡಬಾರದು, ಕೀ ನೋಡಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಎಸ್ ಕೀ ಒತ್ತಿದರೆ ಬರುವುದು ‘ಏ’ ಗುಣಿತದ ಚಿಹ್ನೆ, ‘ಬೇಳೆ’ಯ ‘ಬೇ’ಗೆ ಹಾಕುವುದು. ಕಂಟ್ರೋಲ್ ಎಸ್ ಒತ್ತಿದಾಗ ಪ್ರೋಗ್ರಾಂ ಇಂಗ್ಲಿಷಿನ ‘ಎಸ್’ ಅಕ್ಷರಕ್ಕಾಗಿ ಕಾದು ಕೂತಿದ್ದರೆ ಫೈಲ್ ಸೇವ್ ಆಗುವುದೇ ಇಲ್ಲ. ಹಳೇ ಅಕೌಂಟ್ಸ್ ಸಾಫ್ಟ್‌ವೇರ್‌ಗಳು ಎಫ್ 5, ಎಫ್ 8 ಅಂತ ಫಂಕ್ಷನ್ ಕೀ ಬಳಸಿದ್ದು ಎಷ್ಟು ಒಳ್ಳೆಯದಾಯಿತು ಅಂತ ನನಗೆ ಗೊತ್ತಾದದ್ದು ಆಗ.

ಬಾರ್‌ಕೋಡ್ ಸ್ಕ್ಯಾನರ್ ಕೂಡ ಕಂಪ್ಯೂಟರಿನ ಪಾಲಿಗೆ ಬಹಳ ವೇಗವಾಗಿ ಕುಟ್ಟುವ ಒಂದು ಕೀಬೋರ್ಡ್, ಅಷ್ಟೇ. ಇನ್‌ಸ್ಕ್ರಿಪ್ಟ್ ಕನ್ನಡ ಆನ್ ಇದ್ದಾಗ ಮಾವ ಸ್ಕ್ಯಾನ್ ಮಾಡಿದರೆ ದೊಡ್ಡ ಅಕ್ಷರದಲ್ಲಿ ಆರ್, ಕೆ ಅಂತ ಇದ್ದ ಕೋಡ್ ‘ಈಖ’ ಆಗಿ ಬರುತ್ತಿತ್ತು. ಸ್ಕ್ಯಾನ್ ಮಾಡುವ ಜಾಗಕ್ಕೆ ಹೋದಾಗ ಭಾಷೆ ತಾನಾಗಿ ಇಂಗ್ಲಿಷಿಗೆ ತಿರುಗುವ ಹಾಗೆ ಮಾಡಿ ಬಚಾವಾದೆ. ಎಂಟರ್ ಅದುಮಿ ಹಿಡಿದರೆ ಕೀಡೌನ್ ಮತ್ತೆ ಮತ್ತೆ ಬರುತ್ತೆ ಅನ್ನುವುದು ಒಂದೇ ಬಿಲ್ ಮೂರು ಸಲ ಪ್ರಿಂಟ್ ಆದ ದಿನ ಗೊತ್ತಾಯಿತು.

ಈಗ ಹೊಸ ಸಾಫ್ಟ್‌ವೇರ್ ಯಾವುದೇ ಬಂದರೂ ನಾನು ಮೊದಲು ‘ಸ್ತ್ರೀ’ ಅಂತ ಟೈಪ್ ಮಾಡಿ ನೋಡುತ್ತೇನೆ. ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ತುಂಡು. ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ‘ಈ’ ಗುಣಿತದ ಚಿಹ್ನೆ ಹೋಗಿ ‘ಸ್ತ್ರ’ ಉಳಿಯಬೇಕು. ನಮ್ಮ ಕೈ ಜಾಸ್ತಿ ತಪ್ಪುವುದು ಕೊನೆಯ ಗುಣಿತದಲ್ಲೇ, ಹಾಗಾಗಿ ನನಗೆ ಇದೇ ಸರಿ ಅನಿಸುತ್ತೆ. ಬಾಣದ ಕೀ ಒತ್ತಿದರೆ ಮಾತ್ರ ಕರ್ಸರ್ ಇಡೀ ಅಕ್ಷರವನ್ನು ದಾಟಬೇಕು, ಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡು ನಿಂತರೆ ಆ ಸಾಫ್ಟ್‌ವೇರ್ ಬರೆದವರು ಕನ್ನಡದಲ್ಲಿ ಒಂದು ಸಾಲೂ ಕುಟ್ಟಿ ನೋಡಿಲ್ಲ ಅಂತಲೇ ಅರ್ಥ. ಮೆನು ಅನುವಾದ ಮಾಡಿ ‘ಕನ್ನಡ ಇದೆ’ ಅನ್ನೋದು ನನಗೆ ಸಾಲದು. ಮೆನು ಇಂಗ್ಲಿಷಿನಲ್ಲೇ ಇರಲಿ, ನನ್ನ ಹೆಸರು ಸರಿಯಾಗಿ ಬರೆಸಿಕೊಳ್ಳಲಿ.

ಮೊನ್ನೆಯ ಸಾಫ್ಟ್‌ವೇರಿನ ಬಗ್ಗೆ ಅದನ್ನು ಮಾಡಿದವರಿಗೆ ಬರೆದೆ. “ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ, ಮೌಸ್‌ನಲ್ಲಿ ಪೇಸ್ಟ್ ಮಾಡಿ ಸರ್, ಬರುತ್ತೆ” ಅಂತ ಉತ್ತರ ಬಂತು. ಬರುತ್ತೆ, ನಿಜ. ಹಾಗೆ ಪೇಸ್ಟ್ ಮಾಡಿದ್ದಕ್ಕೆ ಕೀ ತಪಾಸಣೆಯೇ ಇಲ್ಲವಲ್ಲ. ಮಾವನ ಅಂಗಡಿಯ ಹುಡುಗ ಒಂದು ವಾರ ಪೂರ್ತಿ ಮಾಡಿದ್ದು ಇದನ್ನೇ, ಬೇಳೆಯಿಂದ ಬೆಲ್ಲದವರೆಗೆ ಎಲ್ಲಾ ಹೆಸರನ್ನೂ ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಇಟ್ಟುಕೊಂಡು.