ಯುವಿಸಿಇ: ‘ಯು’ ಯಾರದು?

ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿರುವ ಇಂಜಿನಿಯರಿಂಗ್ ಕಾಲೇಜು ಯುವಿಸಿಇ ಹೆಸರಲ್ಲಿ ‘ವಿ’ ಅಂದರೆ ವಿಶ್ವೇಶ್ವರಯ್ಯ, ‘ಸಿಇ’ ಅಂದರೆ ಕಾಲೇಜ್ ಆಫ್ ಇಂಜಿನಿಯರಿಂಗ್. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ನನಗೆ ತಮಾಷೆ ಅನಿಸುವುದು ಮೊದಲಕ್ಷರ. ‘ಯು’ ಅಂದರೆ ಯೂನಿವರ್ಸಿಟಿ. ಸರಿ, ಯಾವ ಯೂನಿವರ್ಸಿಟಿ?

ಕಾಲೇಜು ಶುರುವಾದದ್ದು 1917ರಲ್ಲಿ. ವಿಶ್ವೇಶ್ವರಯ್ಯನವರು ಆಗ ಮೈಸೂರಿನ ದಿವಾನರು. ಕಾಲೇಜು ಅವರದೇ ಕನಸು, ಹೆಸರು ಮಾತ್ರ ಸಪ್ಪೆ: ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ಈ ಕನಸಿನ ಹಿಂದೆ ಅವರ ಸ್ವಂತ ಅನುಭವವೂ ಇತ್ತೇನೋ ಅಂತ ನನ್ನ ಊಹೆ. ಪಕ್ಕದ ಸೆಂಟ್ರಲ್ ಕಾಲೇಜಿನಲ್ಲೇ ಅವರು ಬಿ.ಎ. ಓದಿದ್ದು. ಇಂಜಿನಿಯರ್ ಆಗಲು ಮಾತ್ರ ಪುಣೆಗೆ ಹೋಗಬೇಕಾಯಿತು. ಸ್ಕಾಲರ್‌ಶಿಪ್ ಕೊಟ್ಟದ್ದು ಮೈಸೂರು. ಓದು ಮುಗಿದ ಮೇಲೆ ಕೆಲಸಕ್ಕೆ ಇಟ್ಟುಕೊಂಡದ್ದು ಬೊಂಬಾಯಿ ಸರ್ಕಾರ! ಚೀಫ್ ಇಂಜಿನಿಯರ್ ಆಗಿ ಅವರು ಮೈಸೂರಿಗೆ ವಾಪಸು ಬಂದದ್ದು 1909ರಲ್ಲಿ. ಊರಲ್ಲೇ ಒಂದು ಕಾಲೇಜು ಇರಲಿ ಅಂತ ಅನಿಸದೆ ಇರುತ್ತದಾ?

ಮೊದಲು ಕಾಲೇಜು ಮೈಸೂರು ವಿಶ್ವವಿದ್ಯಾಲಯದ್ದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು, ಕಾಲೇಜು ಅದರ ಪಾಲಿಗೆ ಬಂತು. ಮರುವರ್ಷ ಈಗಿನ ಹೆಸರು ಬಂತು. ವಿಶ್ವೇಶ್ವರಯ್ಯನವರು 1962ರಲ್ಲೇ ತೀರಿಕೊಂಡಿದ್ದರು.

ಆಮೇಲೆ ಶುರುವಾಯಿತು ನೋಡಿ ಗೊಂದಲ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂತು. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳೆಲ್ಲ ಹೆಚ್ಚುಕಮ್ಮಿ ಅದಕ್ಕೆ ಸೇರಿದವು. ವಿಶ್ವೇಶ್ವರಯ್ಯನವರೇ ಕಟ್ಟಿದ, ಅವರದೇ ಹೆಸರಿನ ಕಾಲೇಜು ಮಾತ್ರ ಸೇರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಉಳಿಯಿತು. ಸೀಟು ಹುಡುಕುವ ಅಪ್ಪ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ ಬಿಡಿ.

ಅಷ್ಟಕ್ಕೂ ಬೆಂಗಳೂರಲ್ಲಿ ಈ ಹೆಸರಿಗೇನು ಬರವೇ? ಮ್ಯೂಸಿಯಂ ಇದೆ, ಟವರ್ ಇದೆ, ಮೆಟ್ರೋ ಸ್ಟೇಷನ್ ಇದೆ, ಬೈಯಪ್ಪನಹಳ್ಳಿಯಲ್ಲಿ ರೈಲ್ವೆ ಟರ್ಮಿನಲ್ ಇದೆ. ಸುಮ್ನೆ ‘ವಿಶ್ವೇಶ್ವರಯ್ಯ’ ಅಂತ ಹೇಳಿ ಆಟೋ ಹತ್ತಿದರೆ ಎಲ್ಲಿ ಇಳಿಸುತ್ತಾರೋ ದೇವರೇ ಬಲ್ಲ.

2021ರ ಕಾಯ್ದೆಯಿಂದ ಯುವಿಸಿಇ ತಾನೇ ಒಂದು ವಿಶ್ವವಿದ್ಯಾಲಯವಾಯಿತು. ಅಂದರೆ ಆ ‘ಯು’ ಈಗ ಯಾರದ್ದೋ ಅಲ್ಲ, ತನ್ನದೇ. ಆದರೂ ಹೆಸರಲ್ಲಿ ‘ಕಾಲೇಜು’ ಹಾಗೇ ಇದೆ. ಬದಲಿಸಬೇಕಿತ್ತಾ? ನನ್ನನ್ನು ಕೇಳಿದರೆ ಬೇಡ. ಇನ್ನೊಂದು ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯ ಅಂತ ಬೋರ್ಡು ಬಿದ್ದರೆ, ಬೆಳಗಾವಿಗೆ ಹೋಗಬೇಕಾದ ಕಾಗದಗಳೆಲ್ಲ ಕೆ.ಆರ್. ಸರ್ಕಲ್‌ಗೆ ಬಂದು ಬೀಳುತ್ತವೆ.