ಜಗಳ ಮುಂದೂಡಿದ ಗಣರಾಜ್ಯ

ನಾನಿರುವುದು ಅಮೆರಿಕದ ಸಿನ್ಸಿನಾಟಿಯಲ್ಲಿ. ಊರಂಚಿಗೆ ಒಹಾಯೊ ನದಿ, ಸೇತುವೆ ದಾಟಿದರೆ ಕೆಂಟಕಿ. ಅಂತರ್ಯುದ್ಧಕ್ಕೆ ಮುಂಚೆ ಆಚೆ ದಡದಲ್ಲಿ ಮನುಷ್ಯರನ್ನು ಕೊಳ್ಳಬಹುದಿತ್ತು, ಈಚೆ ದಡದಲ್ಲಿ ಅದಕ್ಕೆ ನಿಷೇಧ.

ಈ ಗಣರಾಜ್ಯ ಬೆಳೆದ ರೀತಿಯಲ್ಲಿ ನನಗೆ ನಿಜಕ್ಕೂ ಇಷ್ಟವಾದ ಒಂದು ವಿಷಯವಿದೆ. ಒಹಾಯೊ ನದಿಯ ಉತ್ತರದ ನೆಲಕ್ಕೆ 1787ರಲ್ಲೇ ಒಂದು ಕಾನೂನು ಬಂತು. ಅಲ್ಲಿ ಗುಲಾಮಗಿರಿ ಇಲ್ಲ. 60,000 ಸ್ವತಂತ್ರ ಜನ ಸೇರಿದರೆ ಹೊಸ ರಾಜ್ಯ, ಅದೂ ಹಳೆಯ 13 ರಾಜ್ಯಗಳಿಗೆ ಸರಿಸಮ. ಆ ನೆಲದ ಮೂಲನಿವಾಸಿಗಳಿಗೆ ಮಾತ್ರ ಈ ಸಮಾನತೆ ಸಿಗಲಿಲ್ಲ.

ಅದೇ ವರ್ಷದ ಸಂವಿಧಾನ ಇನ್ನೊಂದು ದಾರಿ ಹಿಡಿಯಿತು. ಪ್ರತಿನಿಧಿಗಳ ಸಂಖ್ಯೆಗೆ ಐದು ಗುಲಾಮರನ್ನು ಮೂರು ಜನರೆಂದು ಎಣಿಸಿತು. ಮತ ಅವರಿಗಿಲ್ಲ, ಅವರಿಂದ ಬಂದ ಸೀಟು ಅವರ ಒಡೆಯರಿಗೆ. 1803ರಲ್ಲಿ ಫ್ರಾನ್ಸಿನಿಂದ ಲೂಯಿಸಿಯಾನವನ್ನು 1.5 ಕೋಟಿ ಡಾಲರಿಗೆ ಕೊಂಡಾಗ ದೇಶ ಇಮ್ಮಡಿಯಾಯಿತು. ಜೊತೆಗೆ ಜಗಳವೂ ಬೆಳೆಯಿತು. ಹೊಸ ನೆಲ ಯಾವ ಕಡೆಗೆ? 1820ರಲ್ಲಿ ಮಿಸೌರಿಯನ್ನು ಗುಲಾಮಗಿರಿಯ ರಾಜ್ಯವಾಗಿ ಒಪ್ಪಿ, ಮೇಲ್ಮನೆಯಾದ ಸೆನೆಟ್ಟಿನಲ್ಲಿ ಎರಡೂ ಕಡೆಯ ಲೆಕ್ಕ ಸರಿದೂಗಲು ಮೇನ್ ಅನ್ನು ಗುಲಾಮಗಿರಿ ಇಲ್ಲದ ರಾಜ್ಯ ಮಾಡಿದರು. ಅಷ್ಟರಲ್ಲಿ ದಕ್ಷಿಣದಲ್ಲಿ ಹತ್ತಿ ಬೆಳೆ ಹಬ್ಬುತ್ತಿತ್ತು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷವಾದರು.

ಇದಕ್ಕಿಂತ ಜಾಸ್ತಿ ನೋವಾಗುವುದು 1836ರ ನಿಯಮ ಓದಿದಾಗ. ಗುಲಾಮಗಿರಿ ಬಗ್ಗೆ ಜನ ಕಳಿಸಿದ ಮನವಿಗಳನ್ನು ಪ್ರತಿನಿಧಿ ಸಭೆ ಚರ್ಚೆಗೇ ತೆಗೆದುಕೊಳ್ಳದೆ ಬದಿಗಿಡತೊಡಗಿತು. ಮಾತಾಡಿದರೆ ದೇಶ ಒಡೆಯುತ್ತದೆ ಎಂಬ ಭಯ. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಬಿಡದೆ ಹೋರಾಡಿ 1844ರಲ್ಲಿ ಆ ನಿಯಮ ತೆಗೆಸಿದರು. ಆದರೆ 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಠಿಣ ಕಾನೂನು ಬಂತು. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ತಾಯಿ ಹೆಪ್ಪುಗಟ್ಟಿದ ಒಹಾಯೊ ದಾಟಿ ಮಕ್ಕಳೊಂದಿಗೆ ಇದೇ ಊರಿಗೆ ಬಂದಳು. ಬೆನ್ನಟ್ಟಿದವರು ಮನೆ ಸುತ್ತುವರಿದಾಗ, ಮತ್ತೆ ಗುಲಾಮಳಾಗದಿರಲಿ ಎಂದು ಪುಟ್ಟ ಮಗಳನ್ನು ಕೈಯಾರೆ ಕೊಂದಳು. ಕಾನೂನು ತಾಯಿಯನ್ನು ವಾಪಸ್ ಕಳಿಸಿತು. ಮರುವರ್ಷ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕಪ್ಪು ಜನ ಈ ದೇಶದ ನಾಗರಿಕರೇ ಅಲ್ಲ ಎಂದಿತು. 1861ರಲ್ಲಿ ಯುದ್ಧ ಶುರುವಾಯಿತು.

ನಮ್ಮ ಭಾರತ ಇಂಥ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನೇರವಾಗಿ ಹೆಸರಿಸಿ ರದ್ದು ಮಾಡಿತು. ಬರೆದ ಮಾತ್ರಕ್ಕೆ ಅದು ಹೋಗಲಿಲ್ಲ, ನಿಜ. ಆದರೆ ನ್ಯಾಯ ಕೇಳಲು ಹೋದವನ ಕೈಯಲ್ಲಿ ಸಂವಿಧಾನ ಇತ್ತು. ಭಾಷಾವಾರು ರಾಜ್ಯಗಳ ವಿಷಯದಲ್ಲಿ ನೆಹರೂ, ಪಟೇಲ್ ಕೂಡ 1949ರಲ್ಲಿ ಈಗ ಬೇಡ ಎಂದಿದ್ದರು. 1952ರಲ್ಲಿ ತೆಲುಗರಿಗೆ ಆಂಧ್ರ ರಾಜ್ಯ ಬೇಕೆಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ ದೆಹಲಿ ಕಿವಿಗೊಟ್ಟಿತು. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹಂಚಿಹೋಗಿದ್ದ ಕನ್ನಡದ ನೆಲ 1956ರ ನವೆಂಬರ್ 1ರಂದು ಮೈಸೂರಿನ ಜೊತೆ ಒಂದಾಯಿತು. ಎಲ್ಲ ಕನ್ನಡ ಊರುಗಳೂ ಬರಲಿಲ್ಲ ಎಂಬ ಕೊರಗು ಇದೆ. ಆದರೂ ದೇಶ ಒಡೆಯಲಿಲ್ಲ ಅಲ್ವಾ?

ಹಾಗಾಗಿಯೇ ಲೋಕಸಭೆಯ ಸೀಟುಗಳ ಬಗ್ಗೆ ನನಗೆ ಚಿಂತೆ. ರಾಜ್ಯಗಳಿಗೆ ಸಿಗುವ ಪಾಲನ್ನು 1971ರ ಜನಗಣತಿಯ ಲೆಕ್ಕಕ್ಕೇ 1976ರಲ್ಲಿ ಕಟ್ಟಿಹಾಕಿದರು. ಬಿಚ್ಚುವ ಗಡುವು ಬಂದಾಗ ಮತ್ತೆ 2026ರ ನಂತರದ ಮೊದಲ ಜನಗಣತಿಯವರೆಗೆ ತಳ್ಳಿದರು. ಗುಲಾಮಗಿರಿಯ ಕ್ರೌರ್ಯಕ್ಕೆ ಇದನ್ನು ಹೋಲಿಸಲಾಗದು. ಆದರೆ ಸೀಟಿನ ಲೆಕ್ಕವನ್ನು ಮುಂದಿನವರಿಗೆ ಬಿಡುವ ಅಭ್ಯಾಸ ಅದೇ. ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ತಮ್ಮ ಪಾಲು ತಗ್ಗೀತೆಂಬ ಅಳುಕು, ಪ್ರತಿ ಮತಕ್ಕೂ ಒಂದೇ ಬೆಲೆ ಬೇಕೆನ್ನುವ ಉತ್ತರದವರ ಮಾತು, ಎರಡೂ ನ್ಯಾಯವಾದವು. ಎರಡನ್ನೂ ಸಂಸತ್ತಿನಲ್ಲಿ, ಎಲ್ಲ ರಾಜ್ಯಗಳ ಮುಂದೆ ಪೂರ್ತಿ ಚರ್ಚಿಸಿದ ಮೇಲೆಯೇ ಹೊಸ ಲೆಕ್ಕ ಬರಬೇಕು.