5,300ರೊಳಗೆ ಅಜ್ಜಿಯ ಕಥೆ

"ವಿಶೇಷಣಗಳನ್ನು ಕತ್ತರಿಸಿ, ಪ್ರಬಂಧ ಮಿತಿಯೊಳಗೆ ಬರುತ್ತದೆ" ಅಂತ, ಅರ್ಜಿಯ ಪ್ರಬಂಧ ಚಿಕ್ಕದು ಮಾಡುವ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನೂರಿನ್ನೂರು ಅಕ್ಷರ ಹೆಚ್ಚಿದ್ದರೆ ಸರಿ. ನನ್ನ ಮಗಳು ಅಮೆರಿಕದ ಮೆಡಿಕಲ್ ಸ್ಕೂಲ್‌ಗಳಿಗೆ ಅರ್ಜಿ ಹಾಕುವಾಗ "ಯಾಕೆ ಡಾಕ್ಟರ್ ಆಗಬೇಕು" ಅನ್ನುವ ಪ್ರಬಂಧದ ಮೊದಲ ಕರಡು 7,000 ಕ್ಯಾರೆಕ್ಟರ್ ದಾಟಿತ್ತು. ಆಮ್ಕಾಸ್ (AMCAS) ಅಂದರೆ ಅಲ್ಲಿನ ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ. ಆ ಅರ್ಜಿಯಲ್ಲಿ ಈ ಪ್ರಬಂಧಕ್ಕೆ ಸಿಗುವುದು 5,300 ಕ್ಯಾರೆಕ್ಟರ್. ಪದಗಳ ನಡುವಿನ ಸ್ಪೇಸ್ ಕೂಡ ಲೆಕ್ಕಕ್ಕೆ ಬರುತ್ತದೆ.

ಎರಡು ವಾರ ಅವಳು ಪದ ಪದ ಕಿತ್ತಳು. ಓದಿದರೆ ಟೆಲಿಗ್ರಾಂ ಥರ ಇತ್ತು, ಉಸಿರೇ ಇರಲಿಲ್ಲ. ಆಮೇಲೆ ಇಬ್ಬರೂ ಅಡುಗೆಮನೆ ಟೇಬಲ್ ಮೇಲೆ ಪ್ರಿಂಟ್ ಹರಡಿಕೊಂಡು ಕೂತೆವು. ಲ್ಯಾಬ್ ಕೆಲಸ, ಕ್ಲಿನಿಕ್‌ನ ಸ್ವಯಂಸೇವೆ ಎರಡಕ್ಕೂ ಒಂದೊಂದು ದೊಡ್ಡ ಪ್ಯಾರಾ ಇತ್ತು. ಅವೆರಡೂ ಅದೇ ಅರ್ಜಿಯ ಚಟುವಟಿಕೆಗಳ ಪಟ್ಟಿಯಲ್ಲಿ ಆಗಲೇ ಇದ್ದವು! ಅಲ್ಲಿ ಒಂದೊಂದಕ್ಕೆ 700 ಕ್ಯಾರೆಕ್ಟರ್ ಇದೆ. ತುಂಬಾ ಮುಖ್ಯ ಅನ್ನಿಸಿದ ಮೂರಕ್ಕೆ ಇನ್ನೂ 1,325 ಜಾಸ್ತಿ ಸಿಗುತ್ತದೆ. ಎರಡೂ ಪ್ಯಾರಾ ಪೂರ್ತಿ ತೆಗೆದೆವು.

ಉಳಿದದ್ದು ಹಾಸನದ ಅಜ್ಜಿ. ಕಣ್ಣು ಮಂಜಾಗಿ ಇನ್ಸುಲಿನ್ ಸಿರಿಂಜಿನ ಗೆರೆ ಕಾಣದೆ, ಕಿಟಕಿ ಬೆಳಕಿಗೆ ಹಿಡಿದು "ನೋಡು ಪುಟ್ಟಿ, ಹತ್ತಕ್ಕೆ ಬಂತಾ?" ಅಂತ ಕೇಳುತ್ತಿದ್ದರು. ಆ ಭಾಗದಿಂದ ಒಂದು ಅಕ್ಷರವನ್ನೂ ತೆಗೆಯಬೇಡ ಅಂದೆ. ಮಗಳು ಡಾಕ್ಟರ್ ಆಗಬೇಕು ಅಂದುಕೊಂಡಿದ್ದೇ ಅಲ್ಲಿಂದ, ಅಲ್ವಾ?

ಈಗ ಬರೆಯುತ್ತಿರುವ ಮಕ್ಕಳಿಗೆ ಇನ್ನೊಂದು ಮಾತು. ಸಲ್ಲಿಸಿದ ಮೇಲೆ ಆಮ್ಕಾಸ್‌ನಲ್ಲಿ ಪ್ರಬಂಧ ತಿದ್ದಲು ಬರುವುದಿಲ್ಲ. ಬಾಕ್ಸಿಗೆ ಪೇಸ್ಟ್ ಮಾಡಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ಕಳಿಸಿ.